ಟರ್ಕಿಯೋ, ಇಂಡೋನೇಷ್ಯಾವೋ: ಪ್ರಬಂಧಕ್ಕೆ ಯಾವುದು ಸೂಕ್ತ?

ಮುಸ್ಲಿಂ ಬಹುಸಂಖ್ಯಾತ ದೇಶವೊಂದರ ರಾಜಕಾರಣದ ಮೇಲೆ ಧರ್ಮದ ಪ್ರಭಾವವನ್ನು ಕುರಿತು ಪ್ರಬಂಧ ಬರೆಯಹೊರಟವರ ಮುಂದೆ ಟರ್ಕಿ ಮತ್ತು ಇಂಡೋನೇಷ್ಯಾ ಎರಡೂ ಒಳ್ಳೆಯ ಆಯ್ಕೆಗಳೇ, ಆದರೆ ಎರಡೂ ಕೇಳುವ ದುಡಿಮೆ ಬೇರೆ.

ಟರ್ಕಿಯಲ್ಲಿ ಧರ್ಮದ ಲಗಾಮು ಸರ್ಕಾರದ ಕೈಯಲ್ಲಿದೆ. 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದುಪಡಿಸಿದ ಸಂಸತ್ತೇ ಅಂದೇ ‘ದಿಯಾನೆತ್’ ಎಂಬ ಧಾರ್ಮಿಕ ವ್ಯವಹಾರಗಳ ಸಂಸ್ಥೆಯನ್ನೂ ಸ್ಥಾಪಿಸಿತು. ಇಂದಿಗೂ ಇಮಾಮರು ಅದರ ಸಂಬಳದಾರರು, ಶುಕ್ರವಾರದ ಪ್ರವಚನದ ಪಠ್ಯವೂ ಅಲ್ಲಿಯೇ ಸಿದ್ಧವಾಗುತ್ತದೆ. ಇದನ್ನು ಧರ್ಮನಿರಪೇಕ್ಷತೆ ಎನ್ನಲು ನನಗಂತೂ ನಾಲಿಗೆ ತಡವರಿಸುತ್ತದೆ. ಅಧಿಕಾರಕ್ಕೆ ಬಂದವರ ಕೈಗೆ ಈ ಯಂತ್ರ ಸಿದ್ಧವಾಗಿಯೇ ಸಿಗುತ್ತದೆ: 1999ರಲ್ಲಿ ತಲೆವಸ್ತ್ರ ಧರಿಸಿ ಬಂದ, ಚುನಾಯಿತ ಸಂಸದೆ ಮೆರ್ವೆ ಕವಾಕ್ಚಿಗೆ ಸಂಸತ್ತಿನಲ್ಲಿ ಪ್ರಮಾಣವಚನ ಸ್ವೀಕರಿಸಲು ಬಿಡದ ಗಣರಾಜ್ಯವೇ 2020ರಲ್ಲಿ ಇಸ್ತಾಂಬುಲ್‌ನಲ್ಲಿ ವಸ್ತುಸಂಗ್ರಹಾಲಯವಾಗಿದ್ದ ಹಾಗಿಯಾ ಸೋಫಿಯಾವನ್ನು ಮರಳಿ ಮಸೀದಿಯಾಗಿಸಿತು.

ಇಂಡೋನೇಷ್ಯಾದಲ್ಲಿ ಒತ್ತಡ ಹೆಚ್ಚಾಗಿ ಸಮಾಜದಿಂದ, ಮುಹಮ್ಮದಿಯಾ (1912), ನಹದ್ಲತುಲ್ ಉಲಮಾ (1926) ಮುಂತಾದ ಮುಸ್ಲಿಂ ಸಂಘಟನೆಗಳಿಂದ ಬರುತ್ತದೆ. ಮುಸ್ಲಿಮರು ಷರಿಯತ್ ಪಾಲಿಸಬೇಕೆಂಬ ಏಳು ಪದಗಳನ್ನು 1945ರ ಆಗಸ್ಟ್ 18ರಂದು ಸಂವಿಧಾನದ ಪೀಠಿಕೆಯಿಂದ ಕೈಬಿಟ್ಟು, ನಮ್ಮ ಕಿವಿಗೂ ಪರಿಚಿತವಾದ ಹೆಸರಿನ ‘ಪಂಚಶೀಲ’ವನ್ನು, ಅಂದರೆ ಆ ದೇಶದ ಐದು ಮೂಲತತ್ವಗಳನ್ನು, ಉಳಿಸಿಕೊಳ್ಳಲಾಯಿತು. ಆದರೂ 2017ರಲ್ಲಿ, ಭಾರೀ ಮೆರವಣಿಗೆಗಳ ಬಳಿಕ, ಜಕಾರ್ತದ ಕ್ರೈಸ್ತ ಗವರ್ನರ್ ಅಹೋಕ್ ಅವರಿಗೆ ಧರ್ಮನಿಂದನೆಗಾಗಿ 2 ವರ್ಷ ಸೆರೆವಾಸ ವಿಧಿಸಲಾಯಿತು; ಅವರ ಮಾತನ್ನು ಖಂಡಿಸಿದ್ದ ಉಲಮಾ (ಧರ್ಮಪಂಡಿತರ) ಮಂಡಳಿಯ ಮುಖ್ಯಸ್ಥ ಮಾರೂಫ್ ಅಮೀನ್ 2019ರಲ್ಲಿ ದೇಶದ ಉಪಾಧ್ಯಕ್ಷರಾದರು.

ಕಾನೂನು, ಇಲಾಖೆ, ಕಡತಗಳಲ್ಲಿ ಆಸಕ್ತಿಯಿದ್ದವರಿಗೆ ಟರ್ಕಿಯೇ ಸರಿ. ಸಂಘಟನೆ ಮತ್ತು ಬೀದಿ ಸೇರಿ ಚುನಾವಣೆಯ ಮತವಾಗುವ ಬಗೆಯನ್ನು ಅರಿಯಬೇಕಿದ್ದರೆ, ಕೆಲಸ ಹೆಚ್ಚಾದರೂ, ನಾನು ಇಂಡೋನೇಷ್ಯಾವನ್ನೇ ಆರಿಸುತ್ತೇನೆ.