ಡೀಸೆಲ್‌ಗೆ ಹಾಕೋ 'ಮೈಲೇಜ್ ಎಣ್ಣೆ': 19,800 ರೂಪಾಯಿ ಹೋಯ್ತು, ಡ್ರೈವರ್ ಕೂಡ ಹೋದ

ಲಾರಿ ಇಟ್ಟುಕೊಂಡವರು ಯಾರೇ ಆಗಲಿ, ಇದನ್ನು ಓದಿ. ಟ್ಯಾಂಕಿಗೆ ಹಾಕುವ ಮೈಲೇಜ್ ಎಣ್ಣೆ ಅಂತ ಕ್ಯಾನ್ ಹಿಡಿದುಕೊಂಡು ಯಾರಾದರೂ ಬಂದರೆ ಟೀ ಕುಡಿಸಿ ಕಳಿಸಿಬಿಡಿ. ನಾನು ಟೀನೂ ಕುಡಿಸಿದೆ, 19,800 ರೂಪಾಯಿನೂ ಕೊಟ್ಟೆ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ. ಇಪ್ಪತ್ತು ವರ್ಷದಿಂದ ಇದೇ ಲೈನಿನಲ್ಲಿ ಇದ್ದೇನೆ ನಾನು.

ನನ್ನದು ದಾವಣಗೆರೆ. ಎರಡು ಗಾಡಿ, ಎರಡೂ ಹತ್ತು ಚಕ್ರದವು, 2018ರವು, ಹೊಗೆ ನಿಯಮದ ಲೆಕ್ಕದಲ್ಲಿ ಹಳೇ ಬಿಎಸ್4. ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಕಡೆಯ ಕೋಳಿ ಫೀಡ್ ಮಿಲ್ಲುಗಳಿಗೆ ಹೋಗುತ್ತವೆ. ಹೋಗಿ ಬಂದರೆ ಸುಮಾರು 1,040 ಕಿಲೋಮೀಟರ್. ವಾಪಸ್ ಬರುವಾಗ ತೊಪ್ಪೂರು ಘಾಟ್ ಹತ್ತಬೇಕು. ಏನೇ ಮಾಡಿದರೂ ಆವರೇಜ್ ಲೀಟರ್‌ಗೆ 4 ಕಿಲೋಮೀಟರ್ ಆಸುಪಾಸು, ಅಂದರೆ ಟ್ರಿಪ್ಪಿಗೆ 260 ಲೀಟರ್. ಡೀಸೆಲ್ 90 ದಾಟಿದೆ, ಬಾಡಿಗೆ ಇದ್ದಲ್ಲೇ ಇದೆ. ಇಂಥ ಹೊತ್ತಲ್ಲಿ ಒಬ್ಬ ಬಂದು 'ಲೀಟರ್‌ಗೆ ಅರ್ಧ ಕಿಲೋಮೀಟರ್ ಜಾಸ್ತಿ ಕೊಡಿಸ್ತೀನಿ ಸರ್' ಅಂದರೆ ಕಿವಿ ನೆಟ್ಟಗಾಗುತ್ತೆ, ಅಲ್ವಾ?

ಆತ ಎಪಿಎಂಸಿ ಹತ್ತಿರ ನಾವು ಕೂರುವ ಟ್ರಾನ್ಸ್‌ಪೋರ್ಟ್ ಆಫೀಸಿಗೇ ಬಂದಿದ್ದ. ಒಂದು ಬಾಟಲಿಗೆ ಡೀಸೆಲ್ ಹಾಕಿದ, ಮೇಲೆ ಸ್ವಲ್ಪ ನೀರು. ನೀರು ತಳಕ್ಕೆ ಇಳಿದು ಕೂತಿತು. ತನ್ನ ಕ್ಯಾನಿಂದ ಒಂದು ಮುಚ್ಚಳ ಸುರಿದು ಕುಲುಕಿದ. ನೀರು ಮಾಯ! 'ನೋಡಿ ಸರ್, ನೀರನ್ನೇ ತಿಂದು ಹಾಕ್ತು. ಕಾರ್ಬನ್ ಬಿಡಿಸುತ್ತೆ. ಚಳಿಗೆ ಡೀಸೆಲ್ ಗಟ್ಟಿ ಆಗಲ್ಲ.' ಮೊಬೈಲ್‌ನಲ್ಲಿ ಅಮೆರಿಕದ ಟ್ರಕ್ಕಿನ ವಿಡಿಯೋ ಬೇರೆ ತೋರಿಸಿದ. ದಾವಣಗೆರೆಯಲ್ಲಿ ಡೀಸೆಲ್ ಗಟ್ಟಿ ಆಗೋ ಚಳಿ ಎಲ್ಲಿಂದ ಬರಬೇಕು ಮಾರಾಯ ಅಂತ ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಕೂತಿದ್ದವರೆಲ್ಲ ತಲೆ ಆಡಿಸುತ್ತಿದ್ದರು, ನಾನೂ ಆಡಿಸಿದೆ.

'ದುಡ್ಡು ಈಗ ಬೇಡ ಸರ್. ಒಂದು ಟ್ರಿಪ್ ಟ್ರಯಲ್ ನೋಡಿ, ಆಮೇಲೆ ಮಾತಾಡೋಣ.' ನನ್ನನ್ನು ಕೆಡವಿದ್ದೇ ಈ ಮಾತು. ದುಡ್ಡು ಕೇಳದವನು ಮೋಸ ಹೇಗೆ ಮಾಡುತ್ತಾನೆ ಅಂದುಕೊಂಡೆ.

ಟ್ಯಾಂಕ್ ಫುಲ್ ಮಾಡಿ, ಎಣ್ಣೆ ಹಾಕಿ, ಗಾಡಿ ಹೊರಟಿತು. ನಾಲ್ಕನೇ ದಿನ ವಾಪಸ್ ಬಂತು. ಆತ ನನಗಿಂತ ಮೊದಲೇ ಬಂಕಿಗೆ ಬಂದು ನಿಂತಿದ್ದ. ಮತ್ತೆ ಫುಲ್ ಮಾಡಲು ಎಷ್ಟು ಲೀಟರ್ ಹಿಡಿಯುತ್ತದೋ ಟ್ರಿಪ್ಪಿಗೆ ಅಷ್ಟು ಖರ್ಚಾಗಿದೆ ಅಂತ ಲೆಕ್ಕ. ಈಗ ಇದನ್ನು ಸರಿಯಾಗಿ ಗಮನಿಸಿ. ದೊಡ್ಡ ಟ್ಯಾಂಕಿಗೆ ಜೋರಾಗಿ ಡೀಸೆಲ್ ಬಿಟ್ಟರೆ ನೊರೆ ಏಳುತ್ತದೆ. ನೊರೆ ತಾಗಿದರೆ ಪೈಪು ತಾನಾಗಿ ಕಟ್ ಆಗಿ ಡೀಸೆಲ್ ನಿಲ್ಲುತ್ತದೆ, ಆದರೆ ಟ್ಯಾಂಕ್ ತುಂಬಿರುವುದಿಲ್ಲ. ನಮ್ಮ ಡ್ರೈವರ್ ಯಾವತ್ತೂ ನೊರೆ ಇಳಿಯುವವರೆಗೆ ಕಾದು, ಕುತ್ತಿಗೆವರೆಗೂ ಹಾಕಿಸುತ್ತಾನೆ. ಅವತ್ತು ಗಾಡಿ ಬೇರೆ ಒಂದು ಕಡೆ ವಾಲಿಕೊಂಡು ನಿಂತಿತ್ತು. ಪೈಪು ಕಟ್ ಆಯಿತು. 228 ಲೀಟರ್. 'ಸಾಕು ಸಾಕು, ಚೆಲ್ಲುತ್ತೆ' ಅಂತ ಆತ ಪೈಪು ತೆಗೆಸಿಯೇಬಿಟ್ಟ.

ಡ್ರೈವರ್ ನನ್ನ ಹತ್ತಿರ ಬಂದು ಮೆತ್ತಗೆ ಅಂದ: 'ಅಣ್ಣಾ, ಟ್ಯಾಂಕ್ ತುಂಬಿಲ್ಲ ಅನ್ಸುತ್ತೆ. ಇನ್ನೂ ಹಿಡಿಯುತ್ತೆ.'

ನಾನು ಏನಂದೆ ಗೊತ್ತಾ? 'ಸುಮ್ನಿರೋ ನೀನು.'

ಮೊಬೈಲ್‌ನಲ್ಲಿ ಲೆಕ್ಕ ಒತ್ತುತ್ತಿದ್ದೆನಲ್ಲ. 1,040ಕ್ಕೆ 228. 4.56! ಟ್ರಿಪ್ಪಿಗೆ 32 ಲೀಟರ್ ಉಳಿತಾಯ! ಅಲ್ಲೇ ನಿಂತು ಒಂದು ಬಾಕ್ಸ್ ತಗೊಂಡೆ. 12 ಕ್ಯಾನ್, ಒಂದಕ್ಕೆ 1,650. ಬಿಲ್ಲು 'ಕಳಿಸ್ತೀನಿ ಸರ್' ಅಂದ. ಇವತ್ತಿಗೂ ಬಂದಿಲ್ಲ.

ಮುಂದಿನ ಟ್ರಿಪ್. ಅದೇ ರೂಟು, ಅದೇ 18 ಟನ್, ಅದೇ ಎಣ್ಣೆ. ಬಂದ ಮೇಲೆ ಡ್ರೈವರ್ ಎಂದಿನಂತೆ ಕುತ್ತಿಗೆವರೆಗೂ ಹಾಕಿಸಿದ. 288 ಲೀಟರ್. ಆವರೇಜ್ 3.61.

ಎದೆ ಧಸಕ್ಕೆಂದಿತು. ಎಣ್ಣೆ ಮಾರಿದವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ವಾಯ್ಸ್ ಮೆಸೇಜ್ ಬಂತು: 'ಸರ್, ಎಣ್ಣೆ ಕೆಲ್ಸ ಮಾಡುತ್ತೆ ಅಂತ ನೀವೇ ಕಣ್ಣಾರೆ ನೋಡಿದೀರಿ. 60 ಲೀಟರ್ ಎಲ್ಲಿ ಹೋಯ್ತು ಅಂತ ನಿಮ್ಮ ಡ್ರೈವರ್‌ನ ಕೇಳಿ. ನಾನು ಜಾಸ್ತಿ ಹೇಳಲ್ಲ.'

60 ಲೀಟರ್. ಐದು ಸಾವಿರದ ಮೇಲೆ. ದಾರಿಯಲ್ಲಿ ಡೀಸೆಲ್ ಕದ್ದು ಇಳಿಸೋದು ನಮ್ಮ ಲೈನಿನಲ್ಲಿ ಹೊಸದೇನಲ್ಲ, ನಿಮಗೂ ಗೊತ್ತು. ನಾನು ಕೇಳಿಬಿಟ್ಟೆ. ಆಫೀಸಿನಲ್ಲಿ ನಾಲ್ಕು ಜನ ಕೂತಿರುವಾಗಲೇ ಕೇಳಿಬಿಟ್ಟೆ. ಹನ್ನೊಂದು ವರ್ಷ ನನ್ನ ಗಾಡಿ ಓಡಿಸಿದವನು. ಆತ ಜಗಳ ಆಡಲಿಲ್ಲ. ಕೀ ಟೇಬಲ್ ಮೇಲೆ ಇಟ್ಟ. 'ಅಣ್ಣಾ, ಅವತ್ತೇ ಹೇಳಿದ್ನಲ್ಲ ತುಂಬಿಲ್ಲ ಅಂತ' ಅಂದ. ಅಷ್ಟೇ. ಮಾರನೇ ದಿನ ಬರಲಿಲ್ಲ.

ತಿಂಗಳ ಕೊನೆಗೆ ಟ್ರಿಪ್ ಶೀಟ್ ಹಿಡಿದು ಕೂತೆ. 228 ಮತ್ತು 288, ಎರಡನ್ನೂ ಸುಮ್ನೆ ಕೂಡಿಸಿದೆ. 516. ಎರಡು ಟ್ರಿಪ್ಪಿಗೆ 2,080 ಕಿಲೋಮೀಟರ್. ಭಾಗಿಸಿದರೆ 4.03.

4.03! ಎಣ್ಣೆ ಹಾಕುವ ಮೊದಲು ಎಷ್ಟಿತ್ತೋ ಅಷ್ಟೇ. ಟ್ರಯಲ್‌ನಲ್ಲಿ ಟ್ಯಾಂಕಿಗೆ ಬೀಳದೆ ಉಳಿದ ಡೀಸೆಲ್ ಮುಂದಿನ ಟ್ರಿಪ್ಪಿನ ಲೆಕ್ಕಕ್ಕೆ ಬಿತ್ತು, ಬೇರೇನೂ ಆಗಿಲ್ಲ. ಕಳ್ಳತನವೂ ಇಲ್ಲ, ಉಳಿತಾಯವೂ ಇಲ್ಲ. ಕೂಡಿಸುವ ಲೆಕ್ಕ. ಎರಡನೇ ಕ್ಲಾಸಿನ ಹುಡುಗ ಮಾಡುತ್ತಾನೆ. ರಾತ್ರಿ ಹನ್ನೊಂದು ಗಂಟೆಗೆ ಆ ಹಾಳೆ ನೋಡುತ್ತಾ ಕೂತಿದ್ದೆ.

ಲೆಕ್ಕದ ಫೋಟೋ ತೆಗೆದು ಎಣ್ಣೆ ಮಾರಿದವನಿಗೆ ಕಳಿಸಿದೆ. ಎರಡು ದಿನ ನೀಲಿ ಟಿಕ್, ಉತ್ತರ ಇಲ್ಲ. ಮೂರನೇ ದಿನ: 'ಸರ್, ಇಂಜಿನ್‌ಗೆ ಹೊಂದಿಕೊಳ್ಳೋಕೆ ಆರು ಟ್ಯಾಂಕ್ ಬೇಕು.' ಹಾಗಾದರೆ ಟ್ರಯಲ್‌ನಲ್ಲಿ ಒಂದೇ ಟ್ಯಾಂಕಿಗೆ 4.56 ಹೇಗೆ ಬಂತಪ್ಪಾ ಅಂದೆ. 'ನಿಮ್ಮದು ಹಳೇ ಗಾಡಿ ಸರ್, ಇದು ಬಿಎಸ್6ಗೆ ಚೆನ್ನಾಗಿ ಸೆಟ್ ಆಗುತ್ತೆ.' ಮಾರುವಾಗ 'ಹಳೇ ಗಾಡಿಗೆ ಸಂಜೀವಿನಿ' ಅಂದಿದ್ದು ಇದೇ ಬಾಯಿ! 9 ಕ್ಯಾನ್ ಸೀಲ್ ಒಡೆದಿಲ್ಲ, ವಾಪಸ್ ತಗೋ ಅಂದೆ. 'ಬಾಕ್ಸ್ ಓಪನ್ ಆಗಿದೆ ಸರ್, ಕಂಪನಿ ಪಾಲಿಸಿ.' ಡ್ರೈವರ್ ವಿಷಯ ಎತ್ತಿದೆ. 'ನಾನು ಕೇಳಿ ಅಂದೆ ಸರ್, ತೆಗೆದು ಹಾಕಿ ಅನ್ನಲಿಲ್ಲ.' ಇದನ್ನು ಓದಿ ಫೋನ್ ಗೋಡೆಗೆ ಎಸೆಯುವುದೊಂದು ಬಾಕಿ.

ಆಮೇಲೆ ಪಿ.ಬಿ. ರಸ್ತೆಯಲ್ಲಿ ನಮ್ಮ ಗಾಡಿಗಳ ಇಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಪಂಪು, ನಾಝಲ್ ರಿಪೇರಿ ಮಾಡುವ ಮೇಸ್ತ್ರಿ ಹತ್ತಿರ ಕ್ಯಾನ್ ತಗೊಂಡು ಹೋದೆ. ಬಾಟಲಿ ಆಟ ಹೇಳಿದ್ದೇ ತಡ, ನಕ್ಕುಬಿಟ್ಟರು. 'ನೀರು ಎಲ್ಲಿಗೂ ಹೋಗಿಲ್ಲ, ಡೀಸೆಲ್ ಜೊತೆ ಕಲೆತುಕೊಂಡಿದೆ. ತಳದಲ್ಲಿ ನಿಂತಿದ್ರೆ ಫಿಲ್ಟರ್ ಕೆಳಗೆ ಬಿಚ್ಚಿ ತೆಗೀಬಹುದಿತ್ತು. ಈಗ ಸೀದಾ ನಾಝಲ್‌ಗೆ ಹೋಗುತ್ತೆ.' ನಾನು ಮೆಚ್ಚಿಕೊಂಡಿದ್ದು ಇದನ್ನೇ ನೋಡಿ.

ಡೀಸೆಲ್‌ಗೆ ಬೆರೆಸುವ ಎಲ್ಲ ಎಣ್ಣೆ (ಅಡಿಟಿವ್) ಸುಳ್ಳು ಅಂತ ನಾನು ಹೇಳುವುದಿಲ್ಲ. ಲಡಾಖ್‌ನಂಥ ಕಡೆ ಡೀಸೆಲ್ ನಿಜವಾಗಿಯೂ ಗಟ್ಟಿಯಾಗುತ್ತದೆ. ಅಲ್ಲಿಗೆ ಅಂತಲೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದಿತು. ನಾಝಲ್ ಕ್ಲೀನ್ ಇಡುವ ಎಣ್ಣೆಗಳೂ ಇವೆ, ಕೊಳೆ ಕಟ್ಟಿದ್ದರೆ ನಿಧಾನಕ್ಕೆ ಕೆಲಸ ಮಾಡುತ್ತವೆ. ಆದರೆ ಆ ಅಮೆರಿಕದ ವಿಡಿಯೋ? ಅಲ್ಲಿನ ಡೀಸೆಲ್‌ಗೆ ಸೀಟೇನ್ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಅನ್ನೋ ಅಂಕಿ) ಕನಿಷ್ಠ 40 ಇದ್ದರೆ ಸಾಕು. ನಮ್ಮ ಬಂಕಿನಲ್ಲಿ ಬರುವುದಕ್ಕೆ 51 ಇರಲೇಬೇಕು. ಅವರಿಗೆ ಏರಿಸಲು ಜಾಗ ಇದೆ, ನಾವು ಯಾಕೆ ದುಡ್ಡು ಸುರಿಯಬೇಕು? ಇನ್ನು ಬಿಎಸ್6 ಗಾಡಿ ಇರುವವರು ಇನ್ನೂ ಹುಷಾರು. ಲೋಹದ ಅಂಶ ಇರುವ ಎಣ್ಣೆ ಹಾಕಿದರೆ ಅದರ ಬೂದಿ ಸೈಲೆನ್ಸರ್‌ನ ಡಿಪಿಎಫ್ ಅನ್ನುವ ಮಸಿ ಫಿಲ್ಟರ್‌ನಲ್ಲಿ ಕೂರುತ್ತದೆ, ಆ ಬೂದಿ ಸುಟ್ಟೂ ಹೋಗುವುದಿಲ್ಲ.

ಟ್ರಯಲ್ ಅಂತ ಬಂದರೆ ಒಂದು ಟ್ರಿಪ್ ನಂಬಬೇಡಿ. ಐದಾರು ಟ್ರಿಪ್ ಕೂಡಿಸಿ. ಪೈಪನ್ನು ಮಾರುವವನ ಕೈಗೆ ಕೊಡಬೇಡಿ. ಡ್ರೈವರ್ ಏನಾದರೂ ಅಂದರೆ ದಯವಿಟ್ಟು ಕೇಳಿಸಿಕೊಳ್ಳಿ.

ನಮ್ಮ ಡ್ರೈವರ್ ಈಗ ಬೇರೆಯವರ ಗಾಡಿಯಲ್ಲಿ ಪುಣೆ ಲೈನ್ ಓಡಿಸುತ್ತಿದ್ದಾನೆ. ನಾಲ್ಕು ಸಲ ಫೋನ್ ಮಾಡಿದೆ. ಒಂದು ಸಲ ಎತ್ತಿದ. ತಪ್ಪಾಯ್ತು ಕಣೋ ಅನ್ನುವಷ್ಟರಲ್ಲಿ 'ಲೋಡಿಂಗ್‌ನಲ್ಲಿದೀನಿ ಅಣ್ಣಾ, ಆಮೇಲೆ ಮಾಡ್ತೀನಿ' ಅಂದ. ಮೂರು ವಾರ ಆಯಿತು. 9 ಕ್ಯಾನ್ ಆಫೀಸಿನ ಮಂಚದ ಕೆಳಗೆ ಹಾಗೇ ಇವೆ.