ಡ್ರೋನ್ ಎಲ್ಲಿ ನಿಲ್ಲಬೇಕು, ಅದರೊಳಗೆ ಏನಿರಬೇಕು: ಎರಡು ದಾರಿಗಳ ಹೋಲಿಕೆ

ಮೊಬೈಲ್ ಟವರ್‌ನ ಕೆಲಸವನ್ನು ಆಕಾಶದಿಂದ ಮಾಡುವ ಡ್ರೋನ್‌ಗೆ ಡ್ರೋನ್ ಬೇಸ್ ಸ್ಟೇಷನ್ ಅನ್ನುತ್ತಾರೆ. ಕೇಬಲ್ ಇಲ್ಲದೆ ಹಾರುವ ಇಂಥದ್ದಕ್ಕೆ ದೊಡ್ಡ ತಲೆನೋವು ಬ್ಯಾಕ್‌ಹಾಲ್, ಅಂದರೆ ಅದನ್ನು ಮುಖ್ಯ ಜಾಲಕ್ಕೆ ಜೋಡಿಸುವ ಸಂಪರ್ಕ. ಜನ ಕೇಳಿದ ಪ್ರತಿ ವಿಡಿಯೊವನ್ನೂ ಅದು ನೆಲದ ಟವರ್‌ನಿಂದ ಗಾಳಿಯಲ್ಲೇ ತರಿಸಬೇಕು. ಜಾಸ್ತಿ ಬೇಡಿಕೆಯ ಫೈಲ್‌ಗಳನ್ನು ಮೊದಲೇ ಕ್ಯಾಶ್‌ನಲ್ಲಿ (ಡ್ರೋನ್‌ನೊಳಗಿನ ಸಂಗ್ರಹದಲ್ಲಿ) ತುಂಬಿಟ್ಟರೆ ಆ ಹೊರೆ ಇಳಿಯುತ್ತದೆ. ಇದಕ್ಕೆ ಎರಡು ದಾರಿಗಳನ್ನು ಪೈಥಾನ್ ಸಿಮ್ಯುಲೇಶನ್‌ನಲ್ಲಿ ಓಡಿಸಿ ನೋಡಿದೆ.

ಮೊದಲನೆಯದು ಸರಳ. ಹತ್ತಿರ ಇರುವವರನ್ನು ಒಟ್ಟುಗೂಡಿಸುವ ಕೆ-ಮೀನ್ಸ್ ಎಂಬ ಲೆಕ್ಕದಿಂದ ಬಳಕೆದಾರರನ್ನು ಗುಂಪು ಮಾಡಿ, ಪ್ರತಿ ಗುಂಪಿನ ನಡುವೆ ಒಂದು ಡ್ರೋನ್ ನಿಲ್ಲಿಸುವುದು. ಎಲ್ಲದರಲ್ಲೂ ಅದೇ ಜನಪ್ರಿಯ ಫೈಲ್‌ಗಳು. ಎರಡನೆಯದು ಜೋಡಿ ದಾರಿ, ಅದರಲ್ಲಿ ಜಾಗ ಮತ್ತು ಕ್ಯಾಶ್ ಒಂದನ್ನೊಂದು ತಿದ್ದುತ್ತವೆ: ಜಾಗ ಹಿಡಿದಿಟ್ಟು ಗ್ರೀಡಿ ವಿಧಾನದಲ್ಲಿ (ಪ್ರತಿ ಸಲ ಆ ಕ್ಷಣಕ್ಕೆ ಹೆಚ್ಚು ಲಾಭ ಕೊಡುವುದನ್ನೇ ಹಿಡಿದು) ಫೈಲ್ ಆರಿಸಿ, ಆಮೇಲೆ ಫೈಲ್ ಹಿಡಿದಿಟ್ಟು ಡ್ರೋನ್ ಸರಿಸಿ, ಬದಲಾವಣೆ ನಿಲ್ಲುವವರೆಗೆ ಮುಂದುವರಿಸುವುದು.

ಎತ್ತರದ ವಿಷಯದಲ್ಲಿ ಎರಡೂ ಒಂದೇ. ವ್ಯಾಪ್ತಿ ಅತಿ ಹೆಚ್ಚಾಗಲು ಡ್ರೋನ್ ಎಷ್ಟು ಎತ್ತರದಲ್ಲಿರಬೇಕು ಎಂದು ಹೇಳುವ, 2014ರ ಅಲ್-ಹೌರಾನಿ ಮತ್ತು ಸಂಗಡಿಗರ ಮಾದರಿ ಬಳಸಿದೆ. ವ್ಯಾಪ್ತಿಯ ಅಂಚಿನಲ್ಲಿ ನಿಂತವನು ಡ್ರೋನ್ ನೋಡಲು ನೆಲದಿಂದ ಎತ್ತಬೇಕಾದ ಕೋನವನ್ನು ನಗರಕ್ಕೆ ಅದು ಸುಮಾರು 42.4 ಡಿಗ್ರಿ ಎನ್ನುತ್ತದೆ. ಅಂದರೆ 500 ಮೀಟರ್ ತ್ರಿಜ್ಯಕ್ಕೆ ಸುಮಾರು 457 ಮೀಟರ್ ಎತ್ತರ. ಭಾರತದ 2021ರ ನಿಯಮದಲ್ಲಿ ಹಸಿರು ವಲಯದ (ಮೊದಲೇ ಅನುಮತಿ ಬೇಡದ ಆಕಾಶದ) ಮಿತಿ 120 ಮೀಟರ್. ಆ ಎತ್ತರಕ್ಕೆ ಇದೇ ಕೋನದಲ್ಲಿ ಸಿಗುವ ತ್ರಿಜ್ಯ ಬರೀ 131 ಮೀಟರ್. ಡ್ರೋನ್‌ಗಳ ಸಂಖ್ಯೆ ಎಷ್ಟು ಏರುತ್ತದೆ ನೋಡಿ.

ನಿಜವಾದ ವ್ಯತ್ಯಾಸ ಕ್ಯಾಶ್‌ನಲ್ಲಿದೆ. 100 ಫೈಲ್‌ಗಳಿವೆ, ಬೇಡಿಕೆ ಝಿಫ್ ನಿಯಮದಂತಿದೆ, ಘಾತ 1 (ಅಂದರೆ ಎರಡನೇ ಫೈಲ್‌ಗೆ ಮೊದಲನೆಯದರ ಅರ್ಧ, ಮೂರನೆಯದಕ್ಕೆ ಮೂರನೇ ಒಂದು ಭಾಗ ಬೇಡಿಕೆ), ಪ್ರತಿ ಡ್ರೋನ್‌ನಲ್ಲಿ 10 ಫೈಲ್‌ಗೆ ಜಾಗ ಅಂತಿಟ್ಟುಕೊಳ್ಳಿ. ಮೊದಲ 10 ಫೈಲ್‌ಗಳಿಗೇ ಸುಮಾರು 56 ಶೇಕಡಾ ಬೇಡಿಕೆ. ಎರಡು ಡ್ರೋನ್‌ಗಳ ವ್ಯಾಪ್ತಿಯಲ್ಲಿರುವವನಿಗೆ ಎರಡರಲ್ಲೂ ಅದೇ ಹತ್ತು ಇದ್ದರೆ ಸಿಗುವುದು ಅಷ್ಟೇ. ಎರಡನೇ ಡ್ರೋನ್‌ನಲ್ಲಿ ಮುಂದಿನ ಹತ್ತು ಇಟ್ಟರೆ 69 ಶೇಕಡಾಕ್ಕೆ ಏರುತ್ತದೆ. ಆದರೆ ಆ ಎರಡನೇ ಡ್ರೋನ್ ಒಂದನ್ನೇ ನಂಬಿರುವವನಿಗೆ ಉಳಿಯುವುದು ಸುಮಾರು 13 ಮಾತ್ರ! ಈ ತೂಗಾಟವನ್ನು ಸರಳ ದಾರಿ ನೋಡುವುದೇ ಇಲ್ಲ. ಜೋಡಿ ದಾರಿ ವ್ಯಾಪ್ತಿ ಎಲ್ಲಿ ಎಷ್ಟು ಬೆರೆತಿದೆ ಎಂದು ನೋಡಿಯೇ ಫೈಲ್ ಹಂಚುತ್ತದೆ.

ಹಾಗಾಗಿ ಡ್ರೋನ್‌ಗಳು ದೂರ ದೂರ ಇದ್ದರೆ ಕೆ-ಮೀನ್ಸ್ ಸಾಕು, ಸುಮ್ನೆ ಲೆಕ್ಕ ಹೆಚ್ಚಿಸಬೇಡಿ. ಒತ್ತೊತ್ತಾಗಿದ್ದು ಬ್ಯಾಕ್‌ಹಾಲ್ ಸೊರಗಿದ್ದರೆ ಜೋಡಿ ದಾರಿಯೇ ನನ್ನ ಆಯ್ಕೆ. ಕೆ-ಮೀನ್ಸ್ ಉತ್ತರದಿಂದಲೇ ಅದನ್ನು ಶುರು ಮಾಡಿದರೆ ಬೇಗ ನೆಲೆಗೆ ಬರುತ್ತದೆ. ಹಲವು ಊಹೆಗಳನ್ನು ಒಟ್ಟಿಗೆ ಸರಿಸುತ್ತಾ ಉತ್ತರ ಹುಡುಕುವ ಪಾರ್ಟಿಕಲ್ ಸ್ವಾರ್ಮ್ ಕೂಡ ನೋಡಿದೆ, ಸೀಡ್ (ಯಾದೃಚ್ಛಿಕ ಆರಂಭದ ಸಂಖ್ಯೆ) ಬದಲಾದಂತೆ ಉತ್ತರವೂ ಬದಲಾಗುತ್ತಿತ್ತು.

ಜನ ಓಡಾಡುವ ಕಡೆ ಪೂರ್ತಿ ಲೆಕ್ಕವನ್ನು ಪದೇ ಪದೇ ಮಾಡಬೇಡಿ. ಫೈಲ್ ಬದಲಿಸುವುದೂ ಬ್ಯಾಕ್‌ಹಾಲ್ ತಿನ್ನುತ್ತದೆ, ಅಲ್ವಾ? ಬಳಕೆ ಕಡಿಮೆ ಇರುವ ರಾತ್ರಿ ಕ್ಯಾಶ್ ತುಂಬಿ, ಹಗಲಲ್ಲಿ ಜಾಗ ಮಾತ್ರ ತಿದ್ದುವುದು ನನಗೆ ಸರಿ ಅನಿಸಿದೆ.