ಬೆರಳಿನ ಬಣ್ಣದ ಡಬ್ಬಿ ಕೊಳ್ಳುವ ಮೊದಲು ಅದರ ಹಿಂಭಾಗ ನೋಡಿ

ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಫಿಂಗರ್ ಪೇಂಟ್ ಡಬ್ಬಿ ಏನಾದರೂ ಇದ್ದರೆ ಅದನ್ನು ಎದುರಿಗೆ ಇಟ್ಟುಕೊಂಡೇ ಓದಿ.

ಇದು ನಡೆದಾಗ ನನ್ನ ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಏಪ್ರಿಲ್ ತಿಂಗಳು. ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಸಂಜೆ ಐದೂವರೆವರೆಗೆ ಮಗುವನ್ನು ಅಂಗಳಕ್ಕೂ ಬಿಡುವ ಹಾಗಿಲ್ಲ. ಮೊಬೈಲ್ ಕೊಡಬಾರದು ಅಂತ ನಾನು, ನಮ್ಮ ಮನೆಯವರು ಮೊದಲೇ ಮಾತಾಡಿಕೊಂಡಿದ್ದೆವು. ಹಾಗಾದರೆ ಆ ನಾಲ್ಕು ತಾಸು ಏನು ಮಾಡಿಸಬೇಕು? ಬೆರಳಿನಲ್ಲಿ ಬಣ್ಣ ಅದ್ದಿ ಕಾಗದಕ್ಕೆ ಒತ್ತುವ ಆಟ ಈ ವಯಸ್ಸಿಗೆ ಒಳ್ಳೆಯದು, ಕೈ ಬೆರಳಿಗೆ ಹಿಡಿತ ಬರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಆಟ ಒಳ್ಳೆಯದೇ. ಈಗಲೂ ನಾನು ಅದನ್ನು ಬೇಡ ಅನ್ನುವುದಿಲ್ಲ.

ಗಡಿಯಾರ ಕಂಬದ ಕಡೆ ಬಟ್ಟೆ ತರಲು ಹೋದಾಗ ಒಂದು ಅಂಗಡಿಯಲ್ಲಿ ಡಬ್ಬಿ ಕಂಡಿತು. ಹನ್ನೆರಡು ಬಣ್ಣ, ಚಿಕ್ಕ ಚಿಕ್ಕ ಬಾಟಲಿ, ಜೊತೆಗೊಂದು ಚಿತ್ರದ ಪುಸ್ತಕ. ಬೆಲೆ 180 ರೂಪಾಯಿ. ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ನಾನ್ ಟಾಕ್ಸಿಕ್ (ವಿಷವಲ್ಲ), ವಾಷಬಲ್ (ತೊಳೆದರೆ ಹೋಗುತ್ತದೆ), ಕಿಡ್ಸ್ ಸೇಫ್ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಮುಚ್ಚಳ ತೆಗೆದು ಮೂಸಿ ನೋಡಿದೆ. ಸ್ಟ್ರಾಬೆರಿ ವಾಸನೆ. ಕೆಟ್ಟ ವಾಸನೆ ಇಲ್ಲವಲ್ಲ, ಒಳ್ಳೆಯ ಮಾಲೇ ಇರಬೇಕು ಅಂದುಕೊಂಡು ತಂದೆ. ನಾನು ಮಾಡಿದ ಮೊದಲ ತಪ್ಪು ಅದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ದಿನ ಏನೂ ಆಗಲಿಲ್ಲ. ಚಡ್ಡಿ ಒಂದನ್ನೇ ಹಾಕಿ ಪಡಸಾಲೆಯಲ್ಲಿ ಹಳೆ ಕ್ಯಾಲೆಂಡರ್ ಹರವಿ ಕೂರಿಸಿದೆ. ಎಷ್ಟು ಖುಷಿ ಅವಳಿಗೆ! ಕಾಗದಕ್ಕೆ ಸ್ವಲ್ಪ, ಹೊಟ್ಟೆಗೆ ಜಾಸ್ತಿ. ಬಾಯಿಗೂ ಹೋಯಿತು. ಹಣ್ಣಿನ ವಾಸನೆ ಬಂದರೆ ಮಗು ನೆಕ್ಕದೆ ಇರುತ್ತದಾ? ನಾನು ಬೇಡ ಬೇಡ ಅಂತ ಕೈ ಒರೆಸುವಷ್ಟರಲ್ಲಿ ಎರಡು ಬೆರಳು ಚೀಪಿ ಆಗಿತ್ತು. ಮಾರನೆಯ ದಿನ ಮಲ ಹಸಿರು ಬಣ್ಣದಲ್ಲಿ ಬಂತು. ಗಾಬರಿ ಆಯಿತು. ಆದರೆ ಮಗು ಆರಾಮಾಗಿ ಆಡಿಕೊಂಡಿದ್ದಳು, ಊಟ ಸರಿಯಾಗಿ ಮಾಡಿದಳು. ನಾನ್ ಟಾಕ್ಸಿಕ್ ಅಂತ ಬರೆದಿದ್ದಾರಲ್ಲ ಅಂತ ಸುಮ್ಮನಾದೆ. ನಾಲ್ಕು ದಿನ ಬಿಟ್ಟು ಮತ್ತೆ ಕೊಟ್ಟೆ. ಆಗಲೂ ಏನೂ ಆಗಲಿಲ್ಲ.

ಮೂರನೆಯ ಸಲ ಕೊಟ್ಟದ್ದು ಒಂದು ಭಾನುವಾರ ಸಂಜೆ. ರಾತ್ರಿ ಚೆನ್ನಾಗಿಯೇ ಮಲಗಿದಳು. ಸೋಮವಾರ ಬೆಳಿಗ್ಗೆ ಏಳುವಾಗಲೇ ಕೈ ತುರಿಸಿಕೊಳ್ಳುತ್ತಿದ್ದಳು. ಎರಡೂ ಅಂಗೈ ಹಿಂದೆ, ಬೆರಳ ಸಂದಿಯಲ್ಲಿ, ಹೊಟ್ಟೆಯ ಮೇಲೆ, ಬಾಯಿಯ ಸುತ್ತ ಕೆಂಪು ಗುಳ್ಳೆ. ಮಧ್ಯಾಹ್ನದ ಹೊತ್ತಿಗೆ ಗುಳ್ಳೆಯಲ್ಲಿ ನೀರು ತುಂಬಿತು. ತುರಿಸಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡಿದ್ದಳು ಅಂತ ಕಾಣುತ್ತದೆ, ಎಡಗಣ್ಣಿನ ರೆಪ್ಪೆ ಊದಿ ಅರ್ಧ ಮುಚ್ಚಿತ್ತು. ಅಮ್ಮಾ ಅಂತ ಕೈ ಚಾಚುತ್ತಾಳೆ, ಎತ್ತಿಕೊಂಡರೆ ನನ್ನ ಸೀರೆ ತಾಗಿ ಉರಿಯಾಗಿ ಮತ್ತೆ ಅಳುತ್ತಾಳೆ. ಆ ದಿನ ನನಗೆ ಮರೆಯಲು ಆಗುವುದಿಲ್ಲ.

ಶಾಖಕ್ಕೆ ಎದ್ದ ಗುಳ್ಳೆ ಅಂತ ನಮ್ಮತ್ತೆ ಅಂದುಕೊಂಡರು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಇನ್ನೂ ಉಳಿದಿತ್ತು. ಅದನ್ನು ನೋಡಿ ನನಗೆ ತಟ್ಟನೆ ಹೊಳೆಯಿತು. ಆಗ ಎರಡನೆಯ ತಪ್ಪು ಮಾಡಿದೆ. ಬಣ್ಣ ಪೂರ್ತಿ ಹೋಗಲಿ ಅಂತ ಸೋಪು ಹಚ್ಚಿ, ನಾರಿನಿಂದ ಉಜ್ಜಿಬಿಟ್ಟೆ. ಕೆರಳಿದ ಚರ್ಮವನ್ನು ಉಜ್ಜಬಾರದಂತೆ. ತಣ್ಣೀರು ಹರಿಯಬಿಟ್ಟು ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕಿತ್ತು.

ಮಕ್ಕಳ ಡಾಕ್ಟರ್ ನೋಡಿದ ಕೂಡಲೇ ಕೇಳಿದರು, "ಏನು ಹಚ್ಚಿದ್ರಿ? ಡಬ್ಬಿ ತಂದಿದ್ದೀರೇನು?" ನಾನು ಸಿಟ್ಟಿನಲ್ಲಿ ಅದನ್ನು ಕಸದ ಬುಟ್ಟಿಗೆ ಎಸೆದು ಬಂದಿದ್ದೆ. ಪುಣ್ಯಕ್ಕೆ ಪಾಲಿಕೆಯ ಕಸದ ಗಾಡಿ ಇನ್ನೂ ಬಂದಿರಲಿಲ್ಲ. ನಮ್ಮ ಮನೆಯವರು ಬೈಕಿನಲ್ಲಿ ಹೋಗಿ ತಂದರು. ಡಾಕ್ಟರ್ ಆರೂ ಕಡೆ ತಿರುಗಿಸಿ ನೋಡಿದರು. ಒಳಗೆ ಏನೇನು ಹಾಕಿದ್ದಾರೆ ಅಂತ ಇಲ್ಲ. ತಯಾರಿಸಿದವರ ಹೆಸರಿಲ್ಲ, ವಿಳಾಸ ಇಲ್ಲ, ತಾರೀಕು ಇಲ್ಲ. "ಇದರಲ್ಲಿ ಏನಿದೆ ಅಂತ ಬರೆದಿದ್ರೆ ತಾನೇ ನಾನು ಹೇಳೋದು ಯಾವುದರಿಂದ ಆಗಿದೆ ಅಂತ" ಅಂದರು. ಆ ಮಾತು ನನಗೆ ಗುಳ್ಳೆಗಿಂತ ಜಾಸ್ತಿ ಚುಚ್ಚಿತು. ಮಗುವಿನ ಬಾಯಿಗೆ ಏನು ಹೋಯಿತು ಅಂತ ತಾಯಿಯಾದ ನನಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಾಗುವ ಹಾಗಿಲ್ಲ.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನೀರಿನಲ್ಲಿ ಕಲಸಿದ ಬಣ್ಣ ಬೇಗ ಕೆಡುತ್ತದೆ, ಬೂಸಲು ಹಿಡಿಯುತ್ತದೆ. ಅದಕ್ಕೆ ಕೆಡದಂತೆ ಇಡುವ ರಾಸಾಯನಿಕ ಸೇರಿಸುತ್ತಾರೆ. ಮೀಥೈಲ್ ಐಸೋಥಯಜೋಲಿನೋನ್ ಅಂತ ಒಂದಿದೆ. ಬಣ್ಣ, ಶಾಂಪೂ, ಒದ್ದೆ ಒರೆಸುವ ಕಾಗದ, ಹೀಗೆ ಬಹಳ ಕಡೆ ಬಳಸಿದ್ದಾರೆ. ಕೆಲವರ ಚರ್ಮಕ್ಕೆ ಇಂಥವು ಆಗಿಬರುವುದಿಲ್ಲ. ಅಲರ್ಜಿ ಸಾಮಾನ್ಯವಾಗಿ ಮೊದಲ ಸಲಕ್ಕೇ ಕಾಣುವುದಿಲ್ಲ. ಮೈ ಅದನ್ನು ಗುರುತಿಟ್ಟುಕೊಂಡು, ಮತ್ತೆ ತಾಗಿದಾಗ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಮೊದಲ ಎರಡು ಸಲ ಏನೂ ಆಗಲಿಲ್ಲ ಅನ್ನುವ ನನ್ನ ಧೈರ್ಯಕ್ಕೆ ಅರ್ಥವೇ ಇರಲಿಲ್ಲ. ನಮ್ಮ ಮಗಳಿಗೆ ಆದದ್ದು ಇದರಿಂದಲೇ ಅಂತ ನಾನು ಹೇಳುತ್ತಿಲ್ಲ. ಡಬ್ಬಿ ಬಾಯಿ ಬಿಟ್ಟಿದ್ದರೆ ತಾನೇ ಹೇಳುವುದು.

ಗುಳ್ಳೆ ಒಣಗಲು ಹದಿನೈದು ದಿನ ಹಿಡಿಯಿತು. ಹೊಟ್ಟೆಯ ಮೇಲೆ ಬಿಳಿ ಕಲೆ ಇನ್ನೂ ಪೂರ್ತಿ ಹೋಗಿಲ್ಲ.

ಇನ್ನು ಆ ಸ್ಟ್ರಾಬೆರಿ ವಾಸನೆಯ ಮಾತು. ಯುರೋಪಿನಲ್ಲಿ ಬೆರಳಿನ ಬಣ್ಣಕ್ಕೆಂದೇ ಇಎನ್ 71-7 ಅಂತ ಒಂದು ನಿಯಮ ಇದೆ. ಅದರ ಪ್ರಕಾರ ಈ ಬಣ್ಣಕ್ಕೆ ಕಹಿ ಪದಾರ್ಥ ಬೆರೆಸಲೇಬೇಕು. ಮಗು ಒಂದು ಸಲ ನೆಕ್ಕಿದರೆ ಮತ್ತೆ ನೆಕ್ಕಬಾರದು ಅಂತ. ನಮ್ಮಲ್ಲಿ ಹಾಲು ಬಿಡಿಸಲು ಬೇವಿನ ಕಹಿ ಹಚ್ಚುವುದಿಲ್ಲವೇ, ಅದೇ ಲೆಕ್ಕ. ನಾನು ತಂದ ಡಬ್ಬಿ ನೋಡಿ, ಮಗುವನ್ನು ಬಾ ಬಾ ಅಂತ ಕರೆಯುವ ಹಾಗೆ ಹಣ್ಣಿನ ವಾಸನೆ ಬೆರೆಸಿದ್ದರು. ಎರಡು ವರ್ಷದ ಮಗುವಿಗೆ ವಾಸನೆ ಅಂದರೆ ತಿನ್ನುವುದು ಅಂತಲೇ ಅರ್ಥ. ಮೂಸಿದಾಗ ತಿಂಡಿಯ ಹಾಗೆ ಘಮಘಮ ಅನ್ನುವ ಬಣ್ಣವನ್ನು ಅಂಗಡಿಯಲ್ಲೇ ವಾಪಸ್ ಇಟ್ಟು ಬನ್ನಿ.

ನಮ್ಮ ದೇಶದಲ್ಲಿ ನಿಯಮ ಇಲ್ಲ ಅಂತಲ್ಲ. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯ ಸುರಕ್ಷತೆಗೆ ಇರುವ ಮಾನಕ ಐಎಸ್ 9873. ಅದರ 7ನೇ ಭಾಗ ಇರುವುದೇ ಬೆರಳಿನ ಬಣ್ಣಕ್ಕಾಗಿ. ಡಬ್ಬಿಯ ಮೇಲೆ ಐಎಸ್‌ಐ ಗುರುತು, ಅದರ ತಲೆಯ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಗುರುತು ನೋಡಿ ನಂಬಬೇಡಿ, ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನದೇ ಬಿಐಎಸ್ ಕೇರ್ ಅನ್ನುವ ಆ್ಯಪ್ ಇದೆ, ದುಡ್ಡು ಕೊಡಬೇಕಿಲ್ಲ. ಆ ಸಂಖ್ಯೆ ಹಾಕಿದರೆ ಲೈಸೆನ್ಸ್ ಯಾರದು, ಯಾವ ವಸ್ತುವಿಗೆ, ಈಗ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ನೋಡಿ. ಎರಡು ನಿಮಿಷವೂ ಬೇಡ. ಚನ್ನಪಟ್ಟಣದ ಗೊಂಬೆಯಂಥ ಜಿಐ (ಊರಿನ ಹೆಸರಿನ ಜೊತೆ ನೋಂದಣಿಯಾದ) ವಸ್ತುಗಳಿಗೆ, ನೋಂದಾಯಿತ ಕರಕುಶಲಿಗರು ಮಾಡಿದ್ದಕ್ಕೆ ಈ ನಿಯಮದಿಂದ ವಿನಾಯಿತಿ ಇದೆ. ಹೆಸರಿಲ್ಲದ ಪ್ಲಾಸ್ಟಿಕ್ ಬಾಟಲಿಯ ಬಣ್ಣಕ್ಕೆ ಆ ವಿನಾಯಿತಿ ಇಲ್ಲ.

ನಾನು ನೋಡದೇ ಬಿಟ್ಟದ್ದು ಇನ್ನೊಂದಿತ್ತು. ಡಬ್ಬಿಯ ತಳದಲ್ಲಿ ಕಡಲೆಕಾಳಿನಷ್ಟು ಚಿಕ್ಕ ವೃತ್ತ, ಒಳಗೆ ಮಗುವಿನ ಮುಖ, 0-3 ಅಂತ ಅಂಕಿ, ಮೇಲೆ ಅಡ್ಡಗೀಟು. ಮೂರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಅದರ ಅರ್ಥ. ನಮ್ಮ ಮಗು ಚೂಟಿ, ಎರಡು ವರ್ಷಕ್ಕೇ ಎಲ್ಲ ಮಾಡುತ್ತಾಳೆ ಅಂತ ಎಷ್ಟೋ ಜನ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬುದ್ಧಿಯ ಮಾತಲ್ಲ. ಚಿಕ್ಕ ತುಂಡು ಗಂಟಲಿಗೆ ಸಿಕ್ಕೀತು ಅನ್ನುವ ಎಚ್ಚರಿಕೆ. ಇದಕ್ಕೆ 31.7 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಪರೀಕ್ಷೆ ಮಾಡುತ್ತಾರೆ. ಅದರೊಳಗೆ ಪೂರ್ತಿ ಕೂರುವ ಯಾವ ತುಂಡೂ ಆ ವಯಸ್ಸಿನ ಮಕ್ಕಳ ಆಟಿಕೆಯಲ್ಲಿ ಇರಬಾರದು. ನಮ್ಮ ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್, ಅದೇ ಆ ಕೊಳವೆಯಲ್ಲಿ ಕೂತುಬಿಡುತ್ತದೆ. ಬಣ್ಣದ ಬಾಟಲಿಯ ಮುಚ್ಚಳ ಅದಕ್ಕಿಂತ ಚಿಕ್ಕದಿದ್ದರೆ ಕೇಳುವುದೇ ಬೇಡ.

ಚಿತ್ರದುರ್ಗದಲ್ಲಿರುವ ನನ್ನ ನಾದಿನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ಅವಳು ಸುಮ್ಮನಾಗಿಬಿಟ್ಟಳು. ಆಮೇಲೆ ಹೇಳಿದಳು, "ಅತ್ತಿಗೆ, ನಮ್ಮ ಹುಡುಗ ಅಂಥದ್ದೇ ಬಾಟಲಿ ಮುಚ್ಚಳ ಬಾಯಿಗೆ ಹಾಕ್ಕೊಂಡಿದ್ದ. ಬೆನ್ನಿಗೆ ಗುದ್ದಿ ಗುದ್ದಿ ಹೊರಗೆ ಬರಿಸಿದ್ವಿ. ಹೇಳಿದ್ರೆ ಎಲ್ಲರೂ ಬೈತಾರೆ ಅಂತ ಹೇಳಿರಲಿಲ್ಲ." ಹೇಳದೇ ಇರಬೇಡಿ. ಅವಳು ಆಗ ಹೇಳಿದ್ದರೆ ನಾನು ಆ ಡಬ್ಬಿ ತರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲ ನಡುವೆ ಅಂಗೈಯಿಂದ ಜೋರಾಗಿ ಐದು ಏಟು ಕೊಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಬಣ್ಣ ಜಾಸ್ತಿ ಹೊಟ್ಟೆಗೆ ಹೋಯಿತು ಅನಿಸಿದರೆ ಬಲವಂತವಾಗಿ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, ಡಬ್ಬಿ ಸಮೇತ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಇದೆ, ಉಚಿತ ಸಂಖ್ಯೆ 1800 116 117. ಕಣ್ಣಿಗೆ ಬಿದ್ದರೆ ಉಜ್ಜಲು ಬಿಡದೆ, ಹದಿನೈದು ನಿಮಿಷ ಶುದ್ಧ ನೀರು ಹರಿಸುತ್ತಾ ತೊಳೆದು ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಪೇಂಟ್ ಬೇಡ ಅಂತ ದೊಡ್ಡ ಮಕ್ಕಳ ಶಾಲೆಯ ಪೋಸ್ಟರ್ ಕಲರ್, ಸ್ಟ್ಯಾಂಪ್ ಪ್ಯಾಡ್, ಹೋಳಿ ಹಬ್ಬಕ್ಕೆ ತಂದು ಉಳಿದ ಬಣ್ಣದ ಪುಡಿ ಕೊಡುವವರೂ ಇದ್ದಾರೆ. ಬೇಡ. ಅವು ಬಾಯಿಗೆ ಹೋಗಲಿ ಅಂತ ಮಾಡಿದವಲ್ಲ.

ನಾನು ಈಗ ಮನೆಯಲ್ಲೇ ಮಾಡುತ್ತೇನೆ. ಎರಡು ಚಮಚ ಕಾರ್ನ್‌ಫ್ಲೋರ್ ಅನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಅಂಬಲಿಯ ಹಾಗೆ ಕುದಿಸಿ, ಪೂರ್ತಿ ಆರಿಸುತ್ತೇನೆ. ಬಟ್ಟಲುಗಳಿಗೆ ಹಂಚಿ ಒಂದಕ್ಕೆ ಬೀಟ್‌ರೂಟ್ ರಸ, ಒಂದಕ್ಕೆ ಪಾಲಕ್ ಸೊಪ್ಪಿನ ರಸ, ಒಂದಕ್ಕೆ ಅಡುಗೆಯ ಅರಿಶಿನ. ಅವತ್ತಿನದು ಅವತ್ತಿಗೇ. ಉಳಿದದ್ದನ್ನು ಚೆಲ್ಲುತ್ತೇನೆ. ಅರಿಶಿನದ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಹೋಗಲಿ ಬಿಡಿ. ಒಂದು ಎಚ್ಚರ ಮಾತ್ರ ಇರಲಿ. ಕೆಂಪು ಬೇಕು ಅಂದಾಗ ನಮ್ಮತ್ತೆ, "ಆರತಿ ನೀರಿಗೆ ಮಾಡ್ತೀವಲ್ಲವ್ವಾ, ಅರಿಶಿನಕ್ಕೆ ಚೂರು ಸುಣ್ಣ ಹಾಕು" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಸುಣ್ಣ ಮಗುವಿನ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಅಂಗಡಿಯ ಕುಂಕುಮವೂ ಬೇಡ, ಅದರಲ್ಲಿ ಯಾವ ಬಣ್ಣ ಬೆರೆಸಿದ್ದಾರೋ ನಮಗೆ ತಿಳಿಯುವುದಿಲ್ಲ. ಅತ್ತೆಗೆ ಕೂರಿಸಿಕೊಂಡು ಹೇಳಿದೆ, ಒಪ್ಪಿದರು. ಈಗ ಬೀಟ್‌ರೂಟ್ ತುರಿದು ಕೊಡುವುದು ಅವರೇ.

ಅಂಗಡಿಗೂ ಹೋಗಿದ್ದೆ. ಜಗಳಕ್ಕಲ್ಲ, ಮಗುವಿನ ಫೋಟೋ ತೋರಿಸಲು. ಅಂಗಡಿಯವರು ನೊಂದುಕೊಂಡರು. "ಅಕ್ಕಾ, ನಮ್ಮ ಮೊಮ್ಮಗನೂ ಇದರಲ್ಲೇ ಆಡ್ತಾನೆ, ನಮಗೆ ಏನು ಗೊತ್ರೀ" ಅಂದರು. ಇನ್ನೊಂದು ಡಬ್ಬಿ ತೆಗೆದು ಇಬ್ಬರೂ ಹುಡುಕಿದೆವು. ಐಎಸ್‌ಐ ಗುರುತು ಎಲ್ಲೂ ಇರಲಿಲ್ಲ. 180 ರೂಪಾಯಿ ವಾಪಸ್ ಕೊಟ್ಟರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಂಗಡಿಯ ಹೆಸರು ಬರೆಯುತ್ತಿಲ್ಲ. ಆಮೇಲೆ ನಾನು ಹೋದ ಇನ್ನೂ ಮೂರು ಅಂಗಡಿಯಲ್ಲಿ ಅದೇ ಡಬ್ಬಿ ಇತ್ತು, ನಮ್ಮೂರ ದುಗ್ಗಮ್ಮನ ಜಾತ್ರೆಯ ಅಂಗಡಿ ಸಾಲಿಗೂ ಬಾರದೆ ಇರುವುದಿಲ್ಲ.

ಮೊನ್ನೆ ಶನಿವಾರ ಅದೇ ಬೀದಿಯಲ್ಲಿ ಬರುವಾಗ ನೋಡಿದೆ. ಒಬ್ಬ ತಾಯಿ ಕಂಕುಳಲ್ಲಿ ಮಗು ಎತ್ತಿಕೊಂಡು ಅದೇ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಿದ್ದರು. ಹೋಗಿ ಮಾತಾಡಿಸಿದೆ, ನನ್ನ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅವರು ಡಬ್ಬಿಯನ್ನು ಅಲ್ಲೇ ಇಟ್ಟರು.